ಹ್ಯಾಚ್‌ಬ್ಯಾಕ್ ಕಾರಿನ ಹಿಂಬದಿಯ ಪಕ್ಕದ ಗಾಜನ್ನು ನಾನೇ ಬದಲಿಸಿದ ಅನುಭವ

ಹ್ಯಾಚ್‌ಬ್ಯಾಕ್ ಕಾರಿನ ಹಿಂದಿನ ಬಾಗಿಲು ಮುಗಿದು ಡಿಕ್ಕಿಯ ಬಾಗಿಲು ಆರಂಭವಾಗುವ ನಡುವಿನ ಜಾಗದಲ್ಲಿ ಕೂತಿರುವ ಸಣ್ಣ ಗಾಜು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಕಲ್ಲು ಬಡಿದು ನನ್ನ ಕಾರಿನ ಆ ಗಾಜು ಒಡೆದಾಗ, ಮೋಟಾರು, ಹಳಿ ಏನೂ ಇಲ್ಲದ ಈ ಗಾಜನ್ನು ಬದಲಿಸುವುದು ಬಾಗಿಲಿನ ಗಾಜು ಬದಲಿಸುವುದಕ್ಕಿಂತ ಸುಲಭ ಎಂದು ಕಂಡವರೆಲ್ಲ ಹೇಳಿದರು. ಆದರೆ ಎರಡೂ ಒಂದೇ ಬಗೆಯ ಕೆಲಸವಲ್ಲ. ಬಾಗಿಲಿನ ಗಾಜು ನಿಲ್ಲುವುದು ಬೋಲ್ಟು ಮತ್ತು ಕ್ಲಿಪ್ಪುಗಳ ಬಲದಿಂದ. ನನ್ನ ಕಾರಿನ ಈ ಗಾಜು ನಿಲ್ಲುವುದು ಅಂಟಿನ ಬಲದಿಂದ ಮಾತ್ರ. ಹಾಗಾಗಿ ಹೊಸ ಗಾಜನ್ನು ತಂದು ಕೂರಿಸುವುದಕ್ಕೆ ಹಿಡಿಯುವ ಹೊತ್ತು ಅತ್ಯಲ್ಪ, ಅದು ಕೂರುವ ಅಂಚನ್ನು ಸಿದ್ಧಪಡಿಸುವುದಕ್ಕೆ ಹಿಡಿಯುವ ಹೊತ್ತೇ ಬಹುಪಾಲು.

ಕೈ ಹಾಕುವ ಮುನ್ನ ಗಾಜು ಯಾವ ವಿಧಾನದಲ್ಲಿ ಕೂತಿದೆ ಎಂಬುದನ್ನು ನೋಡಿಕೊಳ್ಳಬೇಕು. ಹಳೆಯ ಕಾರುಗಳಲ್ಲಿ ಗಾಜಿನ ಸುತ್ತ ದಪ್ಪ ರಬ್ಬರ್ ಪಟ್ಟಿಯಿದ್ದು, ಅದರ ತುಟಿಯೊಳಗೆ ದಾರ ಕೂರಿಸಿ ಒಳಗಿನಿಂದ ಎಳೆಯುತ್ತ ಬಂದರೆ ರಬ್ಬರು ಚೌಕಟ್ಟಿನ ಅಂಚನ್ನು ಕಚ್ಚಿಕೊಳ್ಳುತ್ತದೆ. ಅಲ್ಲಿ ಅಂಟಿನ ಪ್ರಶ್ನೆಯೇ ಬರುವುದಿಲ್ಲ. ಕೆಲವು ಕಾರುಗಳಲ್ಲಿ ಈ ಗಾಜು ಹಿಂದಿನ ಬಾಗಿಲಿನೊಳಗೇ ಇದ್ದು, ಇಳಿಯುವ ಗಾಜಿಗೂ ಅದಕ್ಕೂ ನಡುವೆ ಲೋಹದ ಕಂಬಿಯೊಂದಿರುತ್ತದೆ; ಬಾಗಿಲಿನ ಒಳಹೊದಿಕೆ ತೆಗೆದು ಆ ಕಂಬಿಯನ್ನು ಸಡಿಲಿಸಿದರೆ ಗಾಜು ರಬ್ಬರಿನ ಸಮೇತ ಜಾರಿ ಬರುತ್ತದೆ. ನನ್ನ ಕಾರಿನದು ಮೂರನೆಯ ಬಗೆ: ಗಾಜಿನ ಸುತ್ತ ಅಚ್ಚಿನಲ್ಲೇ ಎರಕವಾದ ಪ್ಲಾಸ್ಟಿಕ್ ಅಂಚು, ಅದರ ಹಿಂದೆ ಕಾರಿನ ಲೋಹದ ಚೌಕಟ್ಟಿಗೆ ಹಿಡಿದ ಪಾಲಿಯುರೆಥೇನ್ ಅಂಟು. ಮುಂದೆ ಬರೆಯುವುದೆಲ್ಲ ಈ ಬಗೆಗೆ ಸಂಬಂಧಿಸಿದ್ದು.

ಸಣ್ಣ ಪೆಟ್ಟಾಗಿದ್ದರೆ ರಾಳ ತುಂಬಿ ಸರಿಪಡಿಸಬಹುದಲ್ಲ ಎಂದು ಕೇಳುವವರಿದ್ದಾರೆ. ಅದು ಮುಂಭಾಗದ ಗಾಜಿಗೆ ಸಲ್ಲುವ ಮಾತು. ಅಲ್ಲಿ ಎರಡು ಗಾಜುಗಳ ನಡುವೆ ಪ್ಲಾಸ್ಟಿಕ್ ಪದರವಿರುವುದರಿಂದ ಒಂದು ಪದರಕ್ಕಾದ ಗಾಯವನ್ನು ತುಂಬಬಹುದು. ಪಕ್ಕದ ಗಾಜು ಬಹುತೇಕ ಕಾರುಗಳಲ್ಲಿ ಕಾಯಿಸಿ ಥಟ್ಟನೆ ತಣಿಸಿ ಹದಗೊಳಿಸಿದ ಟಫನ್ಡ್ ಗಾಜು. ಅದರ ಮೇಲ್ಮೈ ಒಳಮುಖವಾಗಿ ಒತ್ತಿಕೊಂಡಿರುತ್ತದೆ, ನಡುಭಾಗ ಬಿಗಿಯಾಗಿ ಎಳೆದುಕೊಂಡಿರುತ್ತದೆ. ಪೆಟ್ಟು ಆ ಮೇಲ್ಪದರವನ್ನು ದಾಟಿದ ಕ್ಷಣವೇ ಒಳಗಿನ ಬಿಗುವೆಲ್ಲ ಬಿಡುಗಡೆಯಾಗಿ ಇಡೀ ಗಾಜು ಕಾಳುಕಾಳಾಗುತ್ತದೆ. ಅದನ್ನು ಹದಗೊಳಿಸಿದ ಮೇಲೆ ಕೊರೆಯುವುದಕ್ಕಾಗಲಿ, ಕತ್ತರಿಸುವುದಕ್ಕಾಗಲಿ ಬರುವುದಿಲ್ಲ. ಬೇರೆ ಕಾರಿನ ಗಾಜನ್ನು ಅಂಚು ಉಜ್ಜಿ ಹೊಂದಿಸಬಹುದೆಂಬ ಯೋಚನೆಯನ್ನು ಅಲ್ಲಿಗೇ ಬಿಡಬೇಕು.

ಗಾಜು ತರಿಸುವಾಗ ಮಾದರಿಯ ಹೆಸರು, ಎಡವೋ ಬಲವೋ ಎಂಬುದು ಮಾತ್ರ ಸಾಲದು. ಒಂದೇ ಹೆಸರಿನ ಕಾರಿನ ಹೊರರೂಪ ನಡುವೆ ಬದಲಾಗಿರಬಹುದು, ಮೂರು ಬಾಗಿಲಿನದಕ್ಕೂ ಐದು ಬಾಗಿಲಿನದಕ್ಕೂ ಗಾಜು ಬೇರೆಯಿರಬಹುದು. ಗಾಜಿನೊಳಗೇ ಬೆರೆತ ಬಣ್ಣ, ರೇಡಿಯೋ ಆಂಟೆನಾದ ತೆಳುಗೆರೆ, ಅಂಚಿನ ಪ್ಲಾಸ್ಟಿಕ್ ಹೊದಿಕೆ, ಹಿಂಬದಿಯಲ್ಲಿ ಜಾಗ ತೋರಿಸುವ ಮೊಳೆಯಂಥ ಪಿನ್ನುಗಳು ಇವೆಯೇ ಎಂಬುದನ್ನು ಇನ್ನೊಂದು ಬದಿಯಲ್ಲಿ ಉಳಿದಿರುವ ಗಾಜನ್ನು ನೋಡಿ ಖಚಿತಪಡಿಸಿಕೊಂಡೆ. ಆ ಗಾಜಿನ ಮೂಲೆಯಲ್ಲಿ ಅಚ್ಚಾಗಿದ್ದ ಗುರುತನ್ನೂ ಬರೆದುಕೊಂಡೆ. ವೃತ್ತದೊಳಗಿನ ಇ ಅಕ್ಷರವೂ 43ಆರ್ ಎಂಬ ಬರಹವೂ ವಾಹನದ ಸುರಕ್ಷಾ ಗಾಜಿಗೆ ಸಂಬಂಧಿಸಿದ ವಿಶ್ವಸಂಸ್ಥೆಯ 43ನೇ ನಿಯಮಾವಳಿಗೆ ಆ ಗಾಜು ಒಪ್ಪಿತವಾಗಿದೆ ಎಂಬುದನ್ನು ಸೂಚಿಸುತ್ತವೆ. ಗುರುತೇ ಇಲ್ಲದ ಗಾಜನ್ನು ನಾನಂತೂ ಕಾರಿಗೆ ಹಾಕುವುದಿಲ್ಲ. ಕಳಚಿದ ಹಳೆಯ ಕಾರಿನ ಗಾಜು ಸಿಕ್ಕರೆ ಅದೂ ಒಳ್ಳೆಯದೇ, ಆದರೆ ಅದರ ಹಿಂದೆ ಉಳಿದಿರುವ ಅಂಟನ್ನು ಸಮನಾಗಿ ಹೆರೆಯುವ ಕೆಲಸ ಕೂಡಿಕೊಳ್ಳುತ್ತದೆ.

ಒಡೆದ ಗಾಜಿಗೆ ಒಳಗಿನಿಂದ ಫಿಲ್ಮ್ ಅಂಟಿಸಿದ್ದರಿಂದ ಮೇಲಿನ ಅರ್ಧದ ಕಾಳುಗಳು ಹಾಳೆಯಾಗಿ ಜೋತುಬಿದ್ದಿದ್ದವು, ಕೆಳಗಿನರ್ಧ ಡಿಕ್ಕಿಯೊಳಗೆ ಸುರಿದಿತ್ತು. ಕನ್ನಡಕ, ದಪ್ಪ ಕೈಗವಸು ಹಾಕಿಕೊಂಡು, ಜೋತ ಹಾಳೆಗೆ ಹೊರಗಿನಿಂದಲೂ ಅಗಲವಾದ ಟೇಪು ಅಡ್ಡಡ್ಡ ಅಂಟಿಸಿ, ಸೀಟಿನ ಮೇಲೆ ಹಳೆಯ ಬೆಡ್‌ಶೀಟ್ ಹಾಸಿ, ಹಾಳೆಯನ್ನು ಹೊರಮುಖವಾಗಿ ಮಡಚುತ್ತ ಇಳಿಸಿದೆ. ಕಾಳುಗಳನ್ನು ಕೈಯಿಂದ ಗುಡಿಸಬಾರದು, ಬಟ್ಟೆಯಿಂದ ಒರೆಸಲೂಬಾರದು. ಬಟ್ಟೆಗೆ ಸಿಕ್ಕ ಚೂರು ಬಣ್ಣದ ಮೇಲೂ ಪ್ಲಾಸ್ಟಿಕ್ಕಿನ ಮೇಲೂ ಗೀರು ಎಳೆಯುತ್ತದೆ. ವ್ಯಾಕ್ಯೂಮ್ ಕ್ಲೀನರಿನಿಂದ ಮೊದಲು ಕಣ್ಣಿಗೆ ಕಾಣುವುದನ್ನು ಎಳೆದು, ಒಳಹೊದಿಕೆ ಬಿಚ್ಚಿದ ಮೇಲೆ ಇನ್ನೊಮ್ಮೆ, ಸ್ಟೆಪ್ನಿ ಇರುವ ಗುಂಡಿಯಲ್ಲಿ ಮತ್ತೊಮ್ಮೆ ಎಳೆಯಬೇಕಾಯಿತು. ಚೌಕಟ್ಟಿನ ಕೆಳಗಿನ ಪೊಳ್ಳಿನಲ್ಲಿ ಉಳಿದ ಕಾಳುಗಳು ಕಾರು ಓಡುವಾಗ ಗಲಗಲ ಸದ್ದು ಮಾಡುತ್ತವೆ, ನೀರು ಹೊರಹೋಗುವ ತೂತುಗಳನ್ನೂ ಮುಚ್ಚುತ್ತವೆ.

ಒಳಹೊದಿಕೆ ಬಿಚ್ಚುವ ಕ್ರಮ ಕಾರಿನಿಂದ ಕಾರಿಗೆ ಬೇರೆಯಾದರೂ ಸಾಲು ಹೆಚ್ಚುಕಡಿಮೆ ಒಂದೇ: ಹಿಂಸೀಟನ್ನು ಮಡಚುವುದು, ಡಿಕ್ಕಿಯ ಹಲಗೆಯನ್ನು ಹೊರುವ ಪಕ್ಕದ ಆಸರೆ ತೆಗೆಯುವುದು, ಸೀಟ್ ಬೆಲ್ಟಿನ ಬೋಲ್ಟು ಸಡಿಲಿಸುವುದು, ಕೊನೆಗೆ ಛಾವಣಿಯನ್ನು ಹೊರುವ ಹಿಂಬದಿಯ ಕಂಬದ ಹೊದಿಕೆಯ ಕ್ಲಿಪ್ಪುಗಳನ್ನು ಒಂದೊಂದಾಗಿ ಮೀಟುವುದು. ಮೀಟಲು ಪ್ಲಾಸ್ಟಿಕ್ಕಿನ ಮೀಟುಗೋಲೇ ಬೇಕು, ಸ್ಕ್ರೂಡ್ರೈವರ್ ಹೊದಿಕೆಯ ಅಂಚನ್ನು ಕಚ್ಚುತ್ತದೆ. ಛಾವಣಿಯ ಅಂಚಿನುದ್ದಕ್ಕೂ ಪರದೆಯಂಥ ಏರ್‌ಬ್ಯಾಗ್ ಇರುವ ಕಾರಾದರೆ ಮೊದಲು ಬ್ಯಾಟರಿಯ ಸಂಪರ್ಕ ತೆಗೆದು, ಕಾರಿನ ಕೈಪಿಡಿ ಹೇಳುವಷ್ಟು ಹೊತ್ತು ಕಾದೇ ಕಂಬದ ಹೊದಿಕೆಗೆ ಕೈ ಹಾಕಬೇಕು. ಇದರಲ್ಲಿ ಅವಸರ ಸಲ್ಲದು.

ಇನ್ನು ಅಂಚಿನ ಕೆಲಸ. ಗಾಜು ಹೋದ ಮೇಲೂ ಚೌಕಟ್ಟಿನ ಸುತ್ತ ಕಪ್ಪು ಅಂಟಿನ ದಿಂಡು ಉಳಿದಿತ್ತು, ಅದರ ಮೇಲೆ ಗಾಜಿನ ಕಾಳುಗಳ ಸಾಲು ಮತ್ತು ಅಲ್ಲಲ್ಲಿ ಪ್ಲಾಸ್ಟಿಕ್ ಅಂಚಿನ ತುಂಡುಗಳು ಕೂತಿದ್ದವು. ಅದೆಲ್ಲವನ್ನೂ ಲೋಹ ಕಾಣುವವರೆಗೆ ಕೆರೆದು ತೆಗೆಯಬೇಕೆಂದು ಯಾರಿಗಾದರೂ ಮೊದಲು ಅನ್ನಿಸುತ್ತದೆ. ಹಾಗೆ ಮಾಡಬಾರದು. ಕಾರ್ಖಾನೆಯಲ್ಲಿ ಹಾಕಿದ ಅಂಟು ಬಣ್ಣಕ್ಕೆ ಗಟ್ಟಿಯಾಗಿ ಹಿಡಿದಿದ್ದರೆ ಅದೇ ಹೊಸ ಅಂಟಿಗೆ ಎಲ್ಲಕ್ಕಿಂತ ಒಳ್ಳೆಯ ನೆಲೆ. ಹೊಸದಾಗಿ ಕತ್ತರಿಸಿದ ಪಾಲಿಯುರೆಥೇನಿಗೆ ಪಾಲಿಯುರೆಥೇನ್ ಚೆನ್ನಾಗಿ ಹಿಡಿಯುತ್ತದೆ. ಹರಿತವಾದ ಹೊಸ ಬ್ಲೇಡನ್ನು ಅಂಚಿಗೆ ಸಮಾನಾಂತರವಾಗಿ ಹಿಡಿದು, ಕಾಳುಗಳ ಕೆಳಗೆ ತೂರಿಸಿ, ಸುಮಾರು 1ರಿಂದ 2 ಮಿಲಿಮೀಟರ್ ದಪ್ಪದ ಪದರ ಉಳಿಯುವಂತೆ ಕೊಯ್ಯುತ್ತ ಹೋದೆ. ಹದ ಸಿಕ್ಕಾಗ ಅಂಟು ಉದ್ದನೆಯ ಪಟ್ಟಿಯಾಗಿ ಬ್ಲೇಡಿನ ಮೇಲೆ ಸುರುಳಿ ಸುತ್ತಿಕೊಂಡು ಏಳುತ್ತದೆ, ಕೆಳಗೆ ಮಿರುಗುವ ಕಪ್ಪು ಮೈ ಕಾಣುತ್ತದೆ. ಬ್ಲೇಡಿನ ಮೊನೆ ಗಾಜಿನ ಕಾಳಿಗೆ ತಗುಲಿ ಮೊಂಡಾದ ಕೂಡಲೇ ಅಂಟು ಹರಿದು ಬರತೊಡಗುತ್ತದೆ. ಆಗ ಬ್ಲೇಡು ಬದಲಿಸಬೇಕೇ ಹೊರತು ಬಲ ಹೆಚ್ಚಿಸಬಾರದು, ಬಲ ಹೆಚ್ಚಿಸಿದಷ್ಟೂ ಬ್ಲೇಡು ಬಣ್ಣಕ್ಕೆ ಇಳಿಯುತ್ತದೆ.

ಒಂದು ಕಡೆ, ಕೆಳಮೂಲೆಯಲ್ಲಿ, ಕಲ್ಲಿನ ಪೆಟ್ಟಿಗೆ ಬಣ್ಣ ಎದ್ದು ಬರಿಯ ಲೋಹ ಕಾಣುತ್ತಿತ್ತು. ಇಂಥ ಜಾಗವನ್ನು ಹಾಗೆಯೇ ಬಿಟ್ಟು ಮೇಲೆ ಅಂಟು ಹಾಕಿದರೆ ಒಳಗೇ ತುಕ್ಕು ಹರಡಿ, ಬಣ್ಣವನ್ನೂ ಅಂಟನ್ನೂ ಒಟ್ಟಿಗೆ ಮೇಲೆತ್ತುತ್ತದೆ. ಒಂದೆರಡು ಮಳೆಗಾಲ ಕಳೆಯುವುದರೊಳಗೆ ಅಲ್ಲಿಂದ ನೀರು ಇಳಿಯತೊಡಗಿ, ಎಲ್ಲಿಂದ ಸೋರುತ್ತಿದೆ ಎಂದು ಹುಡುಕಿದರೂ ಸಿಗುವುದಿಲ್ಲ. ಆ ಜಾಗವನ್ನು ಸ್ವಚ್ಛಗೊಳಿಸಿ, ಲೋಹಕ್ಕೆಂದೇ ಇರುವ ಕಪ್ಪು ಪ್ರೈಮರನ್ನು, ಅಂದರೆ ಅಂಟಿಗೂ ಮುನ್ನ ಹಚ್ಚುವ ತಳಲೇಪವನ್ನು, ತೆಳುವಾಗಿ ಹಚ್ಚಿ, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಒಣಗಲು ಬಿಟ್ಟೆ. ಹೊಸದಾಗಿ ಕೊಯ್ದ ಅಂಟಿನ ಮೇಲೆ ಪ್ರೈಮರ್ ಬೇಕೇ ಬೇಡವೇ ಎಂಬುದು ಅಂಟಿನ ತಯಾರಕರ ಸೂಚನೆಯನ್ನು ಅವಲಂಬಿಸಿದೆ. ನನ್ನ ಅಂಟಿಗೆ ಬೇಡವಿತ್ತು, ಆದರೆ ಕೊಯ್ದ ದಿನವೇ ಹೊಸ ಅಂಟು ಬೀಳಬೇಕಿತ್ತು. ಕೊಯ್ದಾದ ಮೇಲೆ ಆ ಮೈಯನ್ನು ಬೆರಳಿನಿಂದ ಮುಟ್ಟಲೇಬಾರದು; ಚರ್ಮದ ಜಿಡ್ಡು ಸಾಕು, ಅಷ್ಟಗಲಕ್ಕೆ ಹಿಡಿತ ಹೋಗಲು.

ಇಲ್ಲಿಯೇ ಸಿಲಿಕಾನಿನ ಮಾತನ್ನೂ ಹೇಳಬೇಕು. ಸುಲಭವಾಗಿ ಸಿಗುತ್ತದೆ, ನೀರು ತಡೆಯುತ್ತದೆ ಎಂದು ಹಲವರು ಈ ಗಾಜನ್ನು ಸಿಲಿಕಾನಿನಿಂದ ಕೂರಿಸುತ್ತಾರೆ. ವಿನೆಗರಿನ ವಾಸನೆ ಬರುವ ಸಿಲಿಕಾನ್ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಅದು ಬರಿಯ ಲೋಹಕ್ಕೆ ತುಕ್ಕು ತರುತ್ತದೆ. ಗಾಜನ್ನು ಕಾರಿಗೆ ಬಿಗಿಯಾಗಿ ಹಿಡಿದಿಡುವ ಬಲವೂ ಅದಕ್ಕಿಲ್ಲ. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಸಿಲಿಕಾನ್ ತಗುಲಿದ ಮೈಗೆ ಮುಂದೆ ಪಾಲಿಯುರೆಥೇನ್ ಹಿಡಿಯುವುದಿಲ್ಲ. ಅದರ ಜಿಡ್ಡನ್ನು ಪೂರ್ತಿ ತೆಗೆಯುವುದು ಬಹಳ ಕಷ್ಟ. ಮುಂದೆ ಸರಿಯಾಗಿ ಕೆಲಸ ಮಾಡಲು ಬರುವವರ ದಾರಿಯನ್ನೂ ಅದು ಮುಚ್ಚುತ್ತದೆ ಎಂಬ ಕಾರಣಕ್ಕೆ ನನಗೆ ಅದರ ಬಗ್ಗೆ ನಿಜವಾದ ಬೇಸರವಿದೆ.

ಅಂಟು ಹಾಕುವ ಮುನ್ನ ಹೊಸ ಗಾಜನ್ನು ಒಣದಾಗಿಯೇ ಇಟ್ಟು ನೋಡಿದೆ. ಸುತ್ತ ಸಂದು ಸಮನಾಗಿದೆಯೇ, ಪಿನ್ನುಗಳು ತೂತಿಗೆ ಸರಿಯಾಗಿ ಇಳಿಯುತ್ತವೆಯೇ, ಹಿಂದಿನ ಬಾಗಿಲು ಮುಚ್ಚಿದಾಗ ಅದರ ರಬ್ಬರು ಗಾಜಿನ ಅಂಚಿಗೆ ತಾಗುತ್ತದೆಯೇ ಎಂದು ನೋಡಿ, ಗಾಜಿನಿಂದ ಕಾರಿನ ಮೈಗೆ ಅಡ್ಡವಾಗಿ ಮಾಸ್ಕಿಂಗ್ ಟೇಪಿನ ತುಂಡುಗಳನ್ನು ಅಂಟಿಸಿ ಸಂದಿನ ಮೇಲೆ ಬ್ಲೇಡಿನಿಂದ ಹಗುರವಾಗಿ ಕತ್ತರಿಸಿದೆ. ಅಂಟು ಹಾಕಿದ ಮೇಲೆ ಗಾಜನ್ನು ಅತ್ತಿತ್ತ ಸರಿಸುವ ಅವಕಾಶ ತೀರ ಕಡಿಮೆ. ಎರಡೂ ಕಡೆಯ ಟೇಪು ಒಂದೇ ಗೆರೆಗೆ ಬಂದರೆ ಗಾಜು ತನ್ನ ಜಾಗಕ್ಕೆ ಬಂದಂತೆ. ಗಾಜನ್ನು ಕೆಳಗಿಡುವಾಗ ಅಂಚಿನ ಮೇಲೆ ನಿಲ್ಲಿಸಬಾರದು. ಹದಗೊಳಿಸಿದ ಗಾಜಿನ ನಡುಭಾಗ ಎಷ್ಟು ಗಟ್ಟಿಯೋ ಅಂಚು ಅಷ್ಟೇ ಸೂಕ್ಷ್ಮ, ಮೂಲೆಯೊಂದು ಸಿಮೆಂಟ್ ನೆಲಕ್ಕೆ ತಾಗಿದರೂ ಸಾಕು ಒಡೆಯಲು. ಮಡಚಿದ ಕಂಬಳಿಯ ಮೇಲೆ ಮಲಗಿಸಿಯೇ ಕೆಲಸ ಮಾಡಿದೆ.

ಗಾಜಿನ ಒಳಬದಿಯ ಅಂಚಿನಲ್ಲಿ ಸುಟ್ಟು ಹಿಡಿಸಿದ ಕಪ್ಪು ಪಟ್ಟಿಯಿರುತ್ತದೆ. ಅದು ಅಂಟನ್ನು ಮರೆಮಾಡುವುದಕ್ಕಷ್ಟೇ ಇರುವುದಲ್ಲ. ಬಿಸಿಲಿನ ನೇರಳಾತೀತ ಕಿರಣ ಪಾಲಿಯುರೆಥೇನನ್ನು ಸವೆಸುತ್ತದೆ, ಆ ಪಟ್ಟಿ ಅದನ್ನು ತಡೆಯುತ್ತದೆ. ಆ ಪಟ್ಟಿಯನ್ನೂ ಪ್ಲಾಸ್ಟಿಕ್ ಅಂಚಿನ ಹಿಂಬದಿಯನ್ನೂ ನೂಲು ಬಿಡದ ಬಟ್ಟೆಯಿಂದ ಒರೆಸಿ, ಅಂಟು ಹಿಡಿಯುವಂತೆ ಮೈಯನ್ನು ಅಣಿಗೊಳಿಸುವ ಗಾಜಿನ ಆ್ಯಕ್ಟಿವೇಟರ್ ದ್ರವ ಸವರಿ, ಬಳಿಕ ಪ್ರೈಮರ್ ಹಚ್ಚಿದೆ. ಪ್ರೈಮರ್ ಡಬ್ಬಿಯೊಳಗಿನ ಗುಂಡುಗಳು ಸದ್ದು ಮಾಡತೊಡಗಿದ ಮೇಲೂ ಇನ್ನಷ್ಟು ಹೊತ್ತು ಕುಲುಕಬೇಕು, ಇಲ್ಲದಿದ್ದರೆ ತಳದ ಕಪ್ಪು ಮೇಲೇಳುವುದಿಲ್ಲ. ಹಚ್ಚುವಾಗ ಒಂದೇ ದಿಕ್ಕಿಗೆ, ಒಂದೇ ಬಾರಿ. ಅರ್ಧ ಒಣಗಿದ್ದರ ಮೇಲೆ ಮತ್ತೆ ಉಜ್ಜಿದರೆ ಪದರ ಕಿತ್ತುಬರುತ್ತದೆ.

ಅಂಟಿನ ಕೊಳವೆಯ ಮೂತಿಯನ್ನು ತ್ರಿಕೋನಾಕಾರದಲ್ಲಿ ಕೊಯ್ದೆ, ಬುಡ ಸುಮಾರು 8 ಮಿಲಿಮೀಟರ್, ಎತ್ತರ ಸುಮಾರು 12 ಮಿಲಿಮೀಟರ್ ಬರುವಂತೆ. ದುಂಡು ದಿಂಡನ್ನು ಒತ್ತಿದರೆ ನಡುವೆ ಗಾಳಿ ಸಿಕ್ಕಿಬೀಳುವ ಸಾಧ್ಯತೆಯಿದೆ. ತ್ರಿಕೋನದ ತುದಿ ಮೊದಲು ತಾಗಿ ಎರಡೂ ಬದಿಗೆ ಸಮನಾಗಿ ಹರಡುತ್ತದೆ. ಅಂಟು ಒತ್ತುವ ಗನ್ನನ್ನು ನೆಟ್ಟಗೆ ಹಿಡಿದು, ಎಲ್ಲಿಯೂ ನಿಲ್ಲಿಸದೆ, ಗಾಜಿನ ಸುತ್ತ ಒಂದೇ ಎಳೆಯಾಗಿ ಎಳೆದು, ಆರಂಭವೂ ಕೊನೆಯೂ ಮೂಲೆಯಲ್ಲಿ ಬೀಳದೆ ನೇರವಾದ ಅಂಚಿನಲ್ಲಿ ಕೂಡುವಂತೆ ನೋಡಿಕೊಂಡೆ. ಕೂಡುವಲ್ಲಿ ಒಂದರೊಳಗೊಂದು ಸೇರಿಸಿ ಚಿಕ್ಕ ಪಟ್ಟಿಯಿಂದ ಒತ್ತಿದೆ. ಹೊರಗೆ ಬಂದ ಅಂಟು ಗಾಳಿಯ ತೇವಕ್ಕೆ ಕೆಲವೇ ನಿಮಿಷಗಳಲ್ಲಿ ಮೇಲ್ಪೊರೆ ಕಟ್ಟತೊಡಗುತ್ತದೆ, ಆಮೇಲೆ ಒತ್ತಿದರೂ ಹಿಡಿಯುವುದಿಲ್ಲ. ಆದ್ದರಿಂದ ಗಾಜು ಹಿಡಿಯುವ ಸಕ್ಷನ್ ಕಪ್‌ಗಳನ್ನು ಮೊದಲೇ ಹಚ್ಚಿಟ್ಟಿದ್ದೆ. ಕೆಳಗಿನ ಪಿನ್ನುಗಳನ್ನು ಮೊದಲು ಇಳಿಸಿ, ಮೇಲ್ಭಾಗವನ್ನು ಚೌಕಟ್ಟಿನತ್ತ ವಾಲಿಸಿ, ಟೇಪಿನ ಗೆರೆ ಕೂಡಿದ ಮೇಲೆ ಅಂಗೈಯಿಂದ ಸುತ್ತಲೂ ಸಮನಾಗಿ ಒತ್ತಿದೆ. ಒಳಗಿನಿಂದ ನೋಡಿದಾಗ ಅಂಟು ಎಲ್ಲೆಡೆ ಎರಡೂ ಮೈಗೆ ತಾಗಿ ಚಪ್ಪಟೆಯಾಗಿರುವುದು ಕಂಡಿತು. ಗಾಜು ಜಾರದಂತೆ ಹೊರಗಿನಿಂದ ಮೇಲ್ಮುಖವಾಗಿ ಟೇಪು ಎಳೆದು ಕಟ್ಟಿದೆ.

ಪಾಲಿಯುರೆಥೇನ್ ಒಣಗಿ ಗಟ್ಟಿಯಾಗುವುದಿಲ್ಲ, ಗಾಳಿಯ ತೇವವನ್ನು ಹೀರಿ ಗಟ್ಟಿಯಾಗುತ್ತದೆ. ಹಾಗಾಗಿ ಬೇಗ ಆಗಲಿ ಎಂದು ಬಿಸಿಗಾಳಿ ಬೀಸುವುದರಿಂದ ಪ್ರಯೋಜನವಿಲ್ಲ. ಸಾಧಾರಣ ಉಷ್ಣತೆ ಮತ್ತು ತೇವದಲ್ಲಿ 24 ಗಂಟೆಗೆ ಸುಮಾರು 3ರಿಂದ 4 ಮಿಲಿಮೀಟರ್ ಆಳಕ್ಕೆ ಅದು ಗಟ್ಟಿಯಾಗುತ್ತದೆ. ಚಳಿಯಿದ್ದು ಗಾಳಿ ಒಣಗಿದ್ದರೆ ಇನ್ನೂ ನಿಧಾನ. ಆ ಅವಧಿಯಲ್ಲಿ ಇನ್ನೊಂದು ಕಿಟಕಿಯ ಗಾಜನ್ನು ಒಂದಿಷ್ಟು ಇಳಿಸಿಟ್ಟಿದ್ದೆ. ಎಲ್ಲವೂ ಮುಚ್ಚಿರುವ ಕಾರಿನ ಬಾಗಿಲನ್ನು ದಢಾರನೆ ಹಾಕಿದರೆ ಒಳಗಿನ ಗಾಳಿಯ ಒತ್ತಡ ಹಸಿ ಅಂಟಿನ ಮೇಲೆ ಕೂತ ಗಾಜನ್ನು ಹೊರಕ್ಕೆ ದೂಡುತ್ತದೆ.

ಸೋರಿಕೆಯ ಪರೀಕ್ಷೆಯನ್ನು ಒಳಹೊದಿಕೆ ಹಾಕುವ ಮುನ್ನವೇ ಮಾಡಬೇಕು. ಪೈಪಿನಿಂದ ರಭಸವಿಲ್ಲದ ನೀರನ್ನು ಮೊದಲು ಕೆಳಗಿನ ಅಂಚಿಗೆ ಬಿಟ್ಟು, ನಿಧಾನವಾಗಿ ಮೇಲೇರಿಸುತ್ತ ಹೋದೆ. ಒಳಗೆ ಕೂತವರು ಟಾರ್ಚ್ ಹಿಡಿದು ಅಂಟಿನ ಗೆರೆಯನ್ನು ನೋಡುತ್ತಿದ್ದರು. ಮೇಲಿನಿಂದಲೇ ನೀರು ಸುರಿದರೆ ಎಲ್ಲಿಂದ ಬಂತು ಎಂಬುದೇ ತಿಳಿಯುವುದಿಲ್ಲ. ಬಳಿಕ ಕಿಟಕಿಗಳನ್ನೆಲ್ಲ ಮುಚ್ಚಿ, ಹೊರಗಿನ ಗಾಳಿ ಎಳೆಯುವಂತೆ ಇಟ್ಟು ಫ್ಯಾನನ್ನು ಪೂರ್ತಿ ವೇಗಕ್ಕೆ ಹಾಕಿ, ಗಾಜಿನ ಸುತ್ತ ಸೋಪಿನ ನೀರು ಸವರಿದೆ. ಸಣ್ಣ ಸಂದಿದ್ದರೂ ಅಲ್ಲಿ ಗುಳ್ಳೆ ಏಳುತ್ತದೆ. ಎಲ್ಲಿಯೂ ಏಳಲಿಲ್ಲ.

ಹೊದಿಕೆ ಹಾಕುವಾಗ ಮುರಿದ ಕ್ಲಿಪ್ಪುಗಳನ್ನು ಮತ್ತೆ ಒತ್ತಿ ಕೂರಿಸದೆ ಹೊಸದನ್ನೇ ಹಾಕಿದೆ. ಸೀಟ್ ಬೆಲ್ಟಿನ ಬೋಲ್ಟನ್ನು ಕೈಯಂದಾಜಿನಿಂದ ಬಿಗಿಯದೆ ಕೈಪಿಡಿಯಲ್ಲಿ ಹೇಳಿದ ಬಿಗುವಿಗೆ ಟಾರ್ಕ್ ರೆಂಚಿನಿಂದ ಬಿಗಿದು, ಬೆಲ್ಟನ್ನು ಥಟ್ಟನೆ ಎಳೆದು ಹಿಡಿದುಕೊಳ್ಳುತ್ತದೆಯೇ, ತಿರುಚಿಕೊಳ್ಳದೆ ಪೂರ್ತಿ ಒಳಗೆ ಹೋಗುತ್ತದೆಯೇ ಎಂದು ನೋಡಿದೆ. ಅಧಿಕ ಒತ್ತಡದ ನೀರಿನಿಂದ ಕಾರು ತೊಳೆಯುವುದನ್ನು ಕೆಲವು ದಿನ ಮುಂದೂಡಿದೆ, ಫಿಲ್ಮನ್ನು ಮತ್ತೆ ಅಂಟಿಸಲಿಲ್ಲ.