ಕುಲುಮೆಯೊಳಗೆ 2 ಜೂಲ್ ಹುಡುಕಿದ್ದು

ಕೇಳೋಕೆ ಸುಲಭದ ಕೆಲಸ. ಜಿರ್ಕೋನಿಯಾ ಅನ್ನೋ ಸೆರಾಮಿಕ್ ವಸ್ತುವನ್ನು ಬಿಸಿ ಮಾಡಿ, ಅದರ ಹರಳಿನ ರಚನೆ ಬದಲಾಗುವಾಗ ಎಷ್ಟು ಶಾಖ ಹೀರುತ್ತದೆ ಅಂತ ಅಳೆಯಬೇಕು. ಬದಲಾಗುವುದು ಸುಮಾರು 1170 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಹೀರುವುದು ಮೋಲ್‌ಗೆ, ಅಂದರೆ ಸುಮಾರು 123 ಗ್ರಾಂ ಜಿರ್ಕೋನಿಯಾಕ್ಕೆ, 6 ಕಿಲೋಜೂಲ್ ಆಸುಪಾಸು. ನಾನು ಮೂಸೆಗೆ ಹಾಕುವ ಪುಟ್ಟ ಬಿಲ್ಲೆಯ ತೂಕ 40 ಮಿಲಿಗ್ರಾಂ, ಚಿಟಿಕೆ ಉಪ್ಪಿಗಿಂತ ಕಡಿಮೆ. ಲೆಕ್ಕ ಹಾಕಿದರೆ ಬರೀ 2 ಜೂಲ್. ನಿಗಿನಿಗಿ ಉರಿಯುವ ಕುಲುಮೆಯಲ್ಲಿ ಅದನ್ನು ಹುಡುಕಬೇಕು!

ಮೈಸೂರಿನ ನಮ್ಮ ಲ್ಯಾಬ್‌ನಲ್ಲಿ ಶಾಖದ ಏರಿಳಿತ ಅಳೆದು ಗೆರೆಯಾಗಿ ತೋರಿಸುವ ಡಿಎಸ್‌ಸಿ ಅನ್ನೋ ಯಂತ್ರ ಇದೆ, ಅದರಲ್ಲಿ ಎರಡು ಮೂಸೆ. ಒಂದರಲ್ಲಿ ಬಿಲ್ಲೆ, ಇನ್ನೊಂದು ಖಾಲಿ. ಎರಡರ ನಡುವಿನ ವ್ಯತ್ಯಾಸವೇ ನಮಗೆ ಬೇಕಾದ್ದು. 1000 ಡಿಗ್ರಿ ದಾಟಿದರೆ ಶಾಖ ಹೆಚ್ಚಾಗಿ ವಿಕಿರಣದಲ್ಲೇ ಹರಿಯುತ್ತದೆ. ಮೂಸೆ ಒಂಚೂರು ಸರಿದರೂ ಗೆರೆ ಸೊಟ್ಟ. ಅದಕ್ಕೇ ಮೊದಲು ಎರಡೂ ಮೂಸೆ ಖಾಲಿ ಇಟ್ಟು ಓಡಿಸುತ್ತೇನೆ, ಆಮೇಲೆ ಸಫೈರ್ ತುಂಡು ಇಟ್ಟು, ಕೊನೆಗೆ ಜಿರ್ಕೋನಿಯಾ. ಮೂರು ಸಲವೂ ನಿಮಿಷಕ್ಕೆ 20 ಡಿಗ್ರಿ, ಅದೇ ಮೂಸೆ, ಅದೇ ಜಾಗ. ಸಫೈರ್ ಎಷ್ಟು ಶಾಖ ಹಿಡಿಯುತ್ತದೆ ಅಂತ ಪಕ್ಕಾ ಗೊತ್ತಿದೆ, ಹಾಗಾಗಿ ಅದೇ ನಮ್ಮ ತೂಕದ ಬಟ್ಟು.

ಯಂತ್ರ ತೋರಿಸುವ ಡಿಗ್ರಿ ಸರಿ ಇದೆಯಾ ಅಂತ ನೋಡಲು ಚಿನ್ನ ಕರಗಿಸುತ್ತೇವೆ. 1064 ಡಿಗ್ರಿಗೆ ಕರಗಬೇಕು. ಅಂಗಡಿಯ 22 ಕ್ಯಾರೆಟ್ ನಡೆಯಲ್ಲ, ತಾಮ್ರ ಬೆಳ್ಳಿ ಬೆರೆತದ್ದು ಬೇರೆ ಬಿಸಿಗೇ ಕರಗುತ್ತದೆ. ಅಪ್ಪಟ ಚಿನ್ನವನ್ನೇ ತರಿಸಿದೆ. ತರಿಸಿ, ಸುಮ್ನೆ ಆತುರದಲ್ಲಿ ಪ್ಲಾಟಿನಂ ಮೂಸೆಗೆ ಹಾಕಿಬಿಟ್ಟೆ. ಬೆಳಿಗ್ಗೆ ತೆಗೆದು ನೋಡಿದರೆ ಚಿನ್ನದ ಗುಂಡೇ ಇಲ್ಲ! ತಳದಲ್ಲೊಂದು ಮಾಸಲು ಕಲೆ. ಚಿನ್ನ ಪ್ಲಾಟಿನಂ ಜೊತೆ ಬೆರೆತುಹೋಗಿತ್ತು. ಚಿನ್ನದ ಜೊತೆ ಬೆರೆಯದ ಅಲುಮಿನಾ ಮೂಸೆ ಪಕ್ಕದಲ್ಲೇ ಇತ್ತು. ಮನೆಯಲ್ಲಿ ಹೇಳಿದಾಗ ಎಲ್ಲರೂ ಚಿನ್ನದ ಲೆಕ್ಕ ಹಾಕಿದರು. ಹಾಳಾದ ಮೂಸೆಯ ಬೆಲೆ ಇನ್ನೂ ಜಾಸ್ತಿ, ಅದನ್ನು ನಾನು ಬಾಯಿಬಿಡಲಿಲ್ಲ.

ಕೊನೆಗೆ ಬಿಸಿ ಏರುವಾಗ 1170ರ ಹತ್ತಿರ ಗೆರೆಯಲ್ಲಿ ಗುಂಡಿ ಚೆನ್ನಾಗಿಯೇ ಬಂತು. ಆದರೆ ಆರುವಾಗ 1170ರಲ್ಲಿ ಏನೂ ಇಲ್ಲ. 1100, 1050, ಗೆರೆ ಸಪಾಟು. ಯಂತ್ರ ಕೆಟ್ಟಿತು ಅಂದುಕೊಂಡು ಟೀ ಕುಡಿಯಲು ಹೋದೆ. ವಾಪಸ್ ಬಂದರೆ 950ರ ಹತ್ತಿರ ಗೆರೆ ಎದ್ದು ನಿಂತಿದೆ. ಜಿರ್ಕೋನಿಯಾ ಹೋದ ದಾರಿಯಲ್ಲೇ ವಾಪಸ್ ಬರಲ್ಲ, ಅಷ್ಟು ತಣ್ಣಗಾಗುವವರೆಗೆ ಹಳೆ ರೂಪಕ್ಕೆ ಮರಳದೆ ಹಟ ಹಿಡಿಯುತ್ತದೆ. ಮರಳುವಾಗ 4-5 ಶೇಕಡಾ ಉಬ್ಬುತ್ತದೆ ಬೇರೆ. ಚಿಮಟದಲ್ಲಿ ಬಿಲ್ಲೆ ಎತ್ತಿದೆ. ಮೈತುಂಬಾ ಬಿರುಕು, ಎರಡು ಚೂರಾಗಿ ಕಾಗದದ ಮೇಲೆ ಉದುರಿತು.