ಸೊನ್ನೆ ಅಂಕ ಎಲ್ಲಿ ಹೋಯ್ತು? ಸೆಟರ್ ಒಳಗಿನ ಇಫ್ ಸರಿಮಾಡುವುದು ಹೇಗೆ

ಜಾವಾಸ್ಕ್ರಿಪ್ಟ್ ಕ್ಲಾಸ್‌ನಲ್ಲಿ ಸೆಟರ್ (ಪ್ರಾಪರ್ಟಿಗೆ ಬೆಲೆ ಕೊಟ್ಟಾಗ ತಾನಾಗಿ ಓಡುವ ಫಂಕ್ಷನ್) ಇದ್ದರೆ, ಅದನ್ನು ಬಳಸುವ ಸಾಲು ನೋಡೋಕೆ ತೀರಾ ಸಾದಾ: ವಿದ್ಯಾರ್ಥಿ.ಅಂಕ = 0. ಹಿಂದೆ ಒಂದು ಫಂಕ್ಷನ್ ಓಡುತ್ತಿದೆ ಅಂತ ಗೊತ್ತೇ ಆಗುವುದಿಲ್ಲ. ಒಳಗಿನ ಇಫ್ ಸುಮ್ನೆ ರಿಟರ್ನ್ ಆಗಿಬಿಟ್ಟರೆ ಎರರ್ ಕೂಡ ಬರುವುದಿಲ್ಲ.

100 ಅಂಕದ ಪರೀಕ್ಷೆಗೆ ಬರೆದ ಈ ಸೆಟರ್ ನೋಡಿ:

ಇಫ್ (!ವ್ಯಾಲ್ಯೂ) ರಿಟರ್ನ್;
ಇಫ್ (ವ್ಯಾಲ್ಯೂ < 0 || ವ್ಯಾಲ್ಯೂ > 100) ಥ್ರೋ...
ದಿಸ್._ಅಂಕ = ವ್ಯಾಲ್ಯೂ;

(ಕೀವರ್ಡ್‌ಗಳು ಕೋಡ್‌ನಲ್ಲಿ ಇಂಗ್ಲಿಷಿನಲ್ಲೇ ಇರಬೇಕು. ಥ್ರೋ ಎಂದರೆ ಎರರ್ ಎಬ್ಬಿಸುವುದು. ‘ಅಂಕ’ದಂಥ ಹೆಸರನ್ನು ಕನ್ನಡದಲ್ಲೇ ಇಟ್ಟರೂ ಜಾವಾಸ್ಕ್ರಿಪ್ಟ್ ತಕರಾರು ಮಾಡುವುದಿಲ್ಲ.)

ಸಮಸ್ಯೆ ಇಷ್ಟು: ಸೊನ್ನೆ ಪಡೆದವರ ಅಂಕ ಕೆಲವೊಮ್ಮೆ ಉಳಿಯುತ್ತದೆ, ಕೆಲವೊಮ್ಮೆ ಮಾಯ.

ಮೊದಲು, ಸೆಟರ್ ಓಡುತ್ತಿದೆಯಾ ನೋಡಿ. ಇಫ್‌ಗಿಂತ ಮೇಲೆ ಒಂದು ಕನ್ಸೋಲ್.ಲಾಗ್ ಹಾಕಿ. ವ್ಯಾಲ್ಯೂ ಜೊತೆ ಅದರ ಬಗೆ ಹೇಳುವ ಟೈಪ್‌ಆಫ್ ಕೂಡ ಬರಲಿ. ಏನೂ ಕಾಣಿಸದಿದ್ದರೆ ಕಂಡೀಷನ್ ಮೇಲೆ ಅನುಮಾನ ಪಡಬೇಡಿ. ಯಾರೋ ‘ಅಂಕ’ ಬದಲು ‘ಅಂಕಗಳು’ ಎಂದು ಬರೆದಿರಬಹುದು. ಜಾವಾಸ್ಕ್ರಿಪ್ಟ್ ಆ ಹೆಸರಲ್ಲಿ ಹೊಸ ಪ್ರಾಪರ್ಟಿಯನ್ನೇ ಹುಟ್ಟಿಸುತ್ತದೆ. ಕನ್‌ಸ್ಟ್ರಕ್ಟರ್‌ನಲ್ಲಿ ನೇರವಾಗಿ ದಿಸ್._ಅಂಕ ತುಂಬಿದರೂ ಸೆಟರ್ ತಪ್ಪಿಹೋಗುತ್ತದೆ. ಇನ್ನು ಸೆಟರ್ ಒಳಗೆ ಆ ಅಡಿಗೆರೆ (_) ಮರೆತರೆ ಅದು ತನ್ನನ್ನೇ ಕರೆಯುತ್ತಾ ಹೋಗುತ್ತದೆ. ಆಗ ಕ್ರೋಮ್ ‘ಮ್ಯಾಕ್ಸಿಮಮ್ ಕಾಲ್ ಸ್ಟ್ಯಾಕ್ ಸೈಜ್ ಎಕ್ಸೀಡೆಡ್’ ಎಂದು ಕೂಗುತ್ತದೆ.

ಆಮೇಲೆ ಕ್ರೋಮ್‌ನಲ್ಲಿ ಎಫ್12 ಒತ್ತಿ, ಸೋರ್ಸಸ್ ಟ್ಯಾಬ್‌ಗೆ ಹೋಗಿ. ಮೊದಲ ಇಫ್‌ನ ಸಾಲಿನ ನಂಬರ್ ಮೇಲೆ ಕ್ಲಿಕ್ ಮಾಡಿದರೆ ಬ್ರೇಕ್‌ಪಾಯಿಂಟ್ ಬೀಳುತ್ತದೆ. ಕೋಡ್ ಅಲ್ಲಿ ಬಂದು ನಿಲ್ಲುತ್ತದೆ. ಎಫ್10 ಒತ್ತುತ್ತಾ ಒಂದೊಂದೇ ಸಾಲು ಮುಂದೆ ಹೋಗಿ. ಇಡೀ ತರಗತಿಯ ಅಂಕ ಓಡುತ್ತಿದ್ದರೆ ಪ್ರತಿಯೊಬ್ಬರಿಗೂ ನಿಲ್ಲುವುದು ತಲೆನೋವು. ನಂಬರ್ ಮೇಲೆ ರೈಟ್ ಕ್ಲಿಕ್ ಮಾಡಿ ವ್ಯಾಲ್ಯೂ == 0 ಎಂಬ ಷರತ್ತು ಕೊಡಿ.

ಈಗ ಗುಟ್ಟು ಗೊತ್ತಾಗುತ್ತದೆ. ಫಾರ್ಮ್‌ನಿಂದ ಬಂದದ್ದು ‘0’ ಎಂಬ ಸ್ಟ್ರಿಂಗ್ (ಅಕ್ಷರರೂಪದ ಬೆಲೆ). ಅದು ಟ್ರೂ ಲೆಕ್ಕ, ದಾಟಿಕೊಂಡು ಹೋಗುತ್ತದೆ. ಸರ್ವರ್‌ನಿಂದ ಬಂದದ್ದು 0 ಎಂಬ ನಂಬರ್. ಅದು ಫಾಲ್ಸ್ ಲೆಕ್ಕ, ಮೊದಲ ಇಫ್‌ನಲ್ಲೇ ಹೊರಗೆ.

ಹಾಗಂತ ಮೊದಲ ಸಾಲು ಅಳಿಸಿ ಕೈತೊಳೆದುಕೊಂಡರೆ ಇನ್ನೂ ಕಷ್ಟ. ಖಾಲಿ ಸ್ಟ್ರಿಂಗನ್ನು ನಂಬರ್ ಮಾಡಿದರೆ 0 ಬರುತ್ತದೆ. ನಲ್ (‘ಏನೂ ಇಲ್ಲ’ ಎಂಬ ಬೆಲೆ) ಕೂಡ 0. ಪರೀಕ್ಷೆಗೇ ಬಾರದವರಿಗೆ ಸೊನ್ನೆ ಸಿಕ್ಕಿತು, ಅಲ್ವಾ? ‘ಗೈರು’ ಎಂದು ಟೈಪ್ ಮಾಡಿದರೆ ಬರುವುದು ನ್ಯಾನ್ (NaN, ಅಂದರೆ ‘ನಂಬರ್ ಅಲ್ಲ’). ಅದು 0ಗಿಂತ ಕಮ್ಮಿಯೂ ಅಲ್ಲ, 100ಕ್ಕಿಂತ ಜಾಸ್ತಿಯೂ ಅಲ್ಲ. ಎರಡನೇ ಇಫ್ ಅದನ್ನು ಹಿಡಿಯುವುದೇ ಇಲ್ಲ.

ಆದ್ದರಿಂದ ಕ್ರಮ ಬದಲಿಸಿ. ನಲ್, ಅನ್‌ಡಿಫೈನ್ಡ್, ಬರೀ ಸ್ಪೇಸ್ ಇರುವ ಸ್ಟ್ರಿಂಗ್ ಇವನ್ನು ಮೊದಲೇ ಬೇರೆ ಮಾಡಿ, ಗೈರು ಎಂದು ನಲ್ ಇಡಿ. ಆಮೇಲೆ ಉಳಿದದ್ದನ್ನು ನಂಬರ್ ಮಾಡಿ, ಎನ್ ಎಂಬ ಹೆಸರಲ್ಲಿ ಇಡಿ. ಕೊನೆಗೆ ತಪ್ಪು ಹುಡುಕುವ ಬದಲು ಸರಿಯಾದದ್ದನ್ನು ಕೇಳಿ:

ಇಫ್ (!(ಎನ್ >= 0 && ಎನ್ <= 100)) ಥ್ರೋ...

ನ್ಯಾನ್ ಇಲ್ಲಿ ಸಿಕ್ಕಿಬೀಳುತ್ತದೆ. ಗಣಿತದ ಅಭ್ಯಾಸದಿಂದ 0 <= ಎನ್ <= 100 ಎಂದು ಮಾತ್ರ ಬರೆಯಬೇಡಿ. ಮೊದಲ ಹೋಲಿಕೆಯ ಟ್ರೂ 1 ಆಗುತ್ತದೆ, ಫಾಲ್ಸ್ 0 ಆಗುತ್ತದೆ. ಎರಡೂ 100ಕ್ಕಿಂತ ಕಮ್ಮಿ, ಹಾಗಾಗಿ ಉತ್ತರ ಯಾವಾಗಲೂ ಟ್ರೂ.

ಕನ್ಸೋಲ್‌ನಲ್ಲಿ -1, 0, 100, 101, ‘85’, ‘’, ನಲ್, ‘ಗೈರು’ ಎಲ್ಲವನ್ನೂ ಕೊಟ್ಟು ನೋಡಿ. ತಪ್ಪಾದಾಗ ಥ್ರೋ ಬದಲು ರಿಟರ್ನ್ ಫಾಲ್ಸ್ ಸಾಕು ಅನ್ನಿಸಬಹುದು. ಆದರೆ ಸೆಟರ್ ಏನೇ ರಿಟರ್ನ್ ಮಾಡಿದರೂ ಜಾವಾಸ್ಕ್ರಿಪ್ಟ್ ಅದನ್ನು ಕಡೆಗಣಿಸಿಬಿಡುತ್ತದೆ.