ಕರಾವಳಿಯ ಬ್ರಿಡ್ಜ್ ಕೂಟಕ್ಕೆ ಹನ್ನೊಂದು ವರ್ಷ ಸುದ್ದಿಹಾಳೆ ಬರೆದ ನನ್ನ ಅನುಭವ

2013ರ ಜೂನ್ ತಿಂಗಳಲ್ಲಿ ನಮ್ಮ ಬ್ರಿಡ್ಜ್ (ಮೇಜಿಗೆ ನಾಲ್ವರು, ಎದುರುಬದುರು ಕೂತ ಇಬ್ಬರದೊಂದು ಜೋಡಿಯಾಗಿ ಆಡುವ ಇಸ್ಪೀಟಿನ ಆಟ) ಕೂಟದ ಮೊದಲ ಸುದ್ದಿಹಾಳೆಯನ್ನು ಬರೆದು, ಬ್ಯಾಂಕಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಮೂವತ್ತು ಪ್ರತಿ ತೆಗೆಸಿ ಹಂಚಿದೆ. ಅದರಲ್ಲಿ ಇದ್ದದ್ದು ಆರೇ ಸಾಲು: ಮೇಜಿನ ಉತ್ತರ–ದಕ್ಷಿಣ ದಿಕ್ಕಿನಲ್ಲಿ ಕೂತವರಲ್ಲಿ ಗೆದ್ದ ಜೋಡಿ, ಪೂರ್ವ–ಪಶ್ಚಿಮದಲ್ಲಿ ಗೆದ್ದ ಜೋಡಿ, ಮುಂದಿನ ಆಟದ ದಿನ, ಚಹಾ–ತಿಂಡಿಯ ಚಂದಾ. ಹಾಳೆಯನ್ನು ಓದಿ ಮುಗಿಸಿದ ನಿವೃತ್ತ ಶಿಕ್ಷಕಿಯೊಬ್ಬರು ಅದನ್ನು ಮಡಚಿ ಚೀಲಕ್ಕೆ ಹಾಕುತ್ತಾ, “ಏಳು ಮೇಜು, ಹದಿನಾಲ್ಕು ಜೋಡಿ. ಎರಡು ಜೋಡಿ ಗೆದ್ದದ್ದು ಸರಿ. ಹನ್ನೆರಡು ಜೋಡಿ ಬಂದು ಆಡಿದ್ದು ಸುದ್ದಿ ಅಲ್ವಾ ಮಾರಾಯ್ರೆ?” ಎಂದು ಕೇಳಿದರು. ಅವರು ಕೋಪದಿಂದ ಕೇಳಿದ್ದಲ್ಲ. ಆದರೆ ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ, ಮತ್ತು ಮುಂದಿನ ಹನ್ನೊಂದು ವರ್ಷ ಆ ಹಾಳೆಯನ್ನು ನಾನು ಬರೆದದ್ದು ಬಹುಮಟ್ಟಿಗೆ ಆ ಪ್ರಶ್ನೆಗೆ ಉತ್ತರವಾಗಿಯೇ.

ನಮ್ಮದು ಹೆಸರು ನೋಂದಾಯಿಸಿದ ಕ್ಲಬ್ ಅಲ್ಲ. ಮಂಗಳೂರು, ಉಡುಪಿ, ಮಣಿಪಾಲ, ಕುಂದಾಪುರಗಳಿಂದ ಬರುವ, ಆಗೊಮ್ಮೆ ಈಗೊಮ್ಮೆ ಕಾಸರಗೋಡಿನಿಂದಲೂ ಬಸ್ಸು ಹಿಡಿದು ಬರುವ, ಸುಮಾರು ಮೂವತ್ತು ಜನ. ನಿವೃತ್ತ ಬ್ಯಾಂಕ್ ನೌಕರರೇ ಹೆಚ್ಚು; ಅವರೊಂದಿಗೆ ವೈದ್ಯರು, ಕಾಲೇಜಿನ ಅಧ್ಯಾಪಕರು, ಒಬ್ಬ ಹೋಟೆಲಿನ ಕ್ಯಾಷಿಯರ್. ತುಳುನಾಡಿನ ಪತ್ತನಾಜೆ ದಿನ ಕಳೆದು ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ನಮ್ಮಲ್ಲಿ ಒಂದು ಮೇಜು ಹೆಚ್ಚಾಗುತ್ತದೆ, ಏಕೆಂದರೆ ನಮ್ಮವರಲ್ಲಿ ನಾಲ್ವರು ರಾತ್ರಿಯಿಡೀ ಆಟ ನೋಡುವ ಹುಚ್ಚಿನವರು. ಮಳೆಗಾಲದಲ್ಲಿ ಕಾಗದದ ಎಲೆಗಳು ಎರಡೇ ವಾರದಲ್ಲಿ ಉಬ್ಬಿ ಒಂದಕ್ಕೊಂದು ಅಂಟಿಕೊಳ್ಳುವುದರಿಂದ ಎರಡನೆಯ ವರ್ಷದಿಂದ ಪ್ಲಾಸ್ಟಿಕ್ ಎಲೆಗಳನ್ನೇ ತರಿಸಿದೆವು. ಆ ಖರ್ಚಿನ ವಿವರವನ್ನೂ ನಾನು ಹಾಳೆಯಲ್ಲಿ ಬರೆದಿದ್ದೆ. ಚಂದಾ ಕೊಟ್ಟವರಿಗೆ ಅದು ತಿಳಿಯಬೇಕಾದ ಸುದ್ದಿ.

ಎರಡನೆಯ ಹಾಳೆಯಿಂದ ಎಲ್ಲ ಜೋಡಿಗಳ ಹೆಸರನ್ನೂ ಶೇಕಡಾವಾರು ಅಂಕವನ್ನೂ ಬರೆಯತೊಡಗಿದೆ. ಇದು ಹೇಳಿದಷ್ಟು ಸುಲಭವಲ್ಲ. ಡ್ಯೂಪ್ಲಿಕೇಟ್ ಬ್ರಿಡ್ಜ್‌ನಲ್ಲಿ ಒಮ್ಮೆ ಹಂಚಿದ ಎಲೆಗಳನ್ನು ಕಲಸುವುದಿಲ್ಲ. ಪ್ರತಿಯೊಬ್ಬರ ಹದಿಮೂರು ಎಲೆಗಳೂ ನಾಲ್ಕು ಖಾನೆಗಳ ತಟ್ಟೆಯಂಥ ಬೋರ್ಡಿನ ಅವರವರ ಖಾನೆಗೆ ಮರಳಿ, ಆ ಬೋರ್ಡು ಮುಂದಿನ ಮೇಜಿಗೆ ಹೋಗುತ್ತದೆ. ನಮ್ಮ ಏಳು ಮೇಜುಗಳಿಗೆ ಮಿಚೆಲ್ ಪದ್ಧತಿ ಅಚ್ಚುಕಟ್ಟಾಗಿ ಹೊಂದುತ್ತದೆ: ಉತ್ತರ–ದಕ್ಷಿಣದವರು ಕೂತಲ್ಲೇ ಕೂರುತ್ತಾರೆ, ಪೂರ್ವ–ಪಶ್ಚಿಮದವರು ಪ್ರತಿ ಸುತ್ತಿಗೆ ಒಂದು ಮೇಜು ಮೇಲಕ್ಕೆ, ಬೋರ್ಡುಗಳು ಒಂದು ಮೇಜು ಕೆಳಕ್ಕೆ. ಸುತ್ತಿಗೆ ಮೂರು ಬೋರ್ಡಿನಂತೆ ಏಳು ಸುತ್ತಿಗೆ ಇಪ್ಪತ್ತೊಂದು ಬೋರ್ಡು, ಒಟ್ಟು ಎರಡೂವರೆ ಗಂಟೆಗೂ ಮಿಕ್ಕಿದ ಹೊತ್ತು. ಒಂದೇ ಎಲೆಗಳನ್ನು ಏಳು ಜೋಡಿಗಳು ಆಡಿರುವುದರಿಂದ, ನಿಮಗಿಂತ ಕಡಿಮೆ ಗಳಿಸಿದ ಪ್ರತಿ ಜೋಡಿಗೆ ಎರಡು ಅಂಕ, ಸಮನಾದ ಜೋಡಿಗೆ ಒಂದು ಅಂಕ. ಅಂದರೆ ಒಂದು ಬೋರ್ಡಿನಲ್ಲಿ ಸಿಗಬಹುದಾದ ಗರಿಷ್ಠ ಅಂಕ ಹನ್ನೆರಡು. ಒಳ್ಳೆಯ ಎಲೆ ಬಂದವನೇ ಗೆಲ್ಲುವ ಆಟ ಇದಲ್ಲ ಎಂಬುದು ಹೊಸಬರಿಗೆ ಅರ್ಥವಾಗುವುದು ಈ ಪಟ್ಟಿಯನ್ನು ಪೂರ್ತಿ ನೋಡಿದಾಗಲೇ. ಗೆದ್ದವರ ಹೆಸರನ್ನು ಮಾತ್ರ ಬರೆದರೆ ಆಟದ ಈ ನ್ಯಾಯವೇ ಮರೆಯಾಗುತ್ತದೆ.

ಪಟ್ಟಿಯ ಜೊತೆಗೆ ತಿಂಗಳಿಗೊಂದು ಬೋರ್ಡಿನ ಕಥೆ ಬರೆಯುವ ರೂಢಿಯನ್ನು ಮಾಡಿಕೊಂಡೆ. ಬೋರ್ಡನ್ನು ಆರಿಸುವಾಗ ಒಂದೇ ನಿಯಮ ಇಟ್ಟುಕೊಂಡಿದ್ದೆ: ಸಾಧ್ಯವಾದಷ್ಟೂ ಪಟ್ಟಿಯ ಕೆಳ ಅರ್ಧದಲ್ಲಿರುವವರ ಆಟದಿಂದ ಆರಿಸಬೇಕು. ಮೇಲಿನವರ ಆಟದ ಬಗ್ಗೆ ಅವರೇ ಚಹಾದ ಹೊತ್ತಿನಲ್ಲಿ ಹೇಳಿಕೊಳ್ಳುತ್ತಾರೆ. ಕೆಳಗಿನವರ ಒಳ್ಳೆಯ ಆಟ ಹಾಳೆಯಲ್ಲಿ ಬರದಿದ್ದರೆ ಎಲ್ಲಿಯೂ ಬರುವುದಿಲ್ಲ.

ಅಂಥ ಒಂದು ಬೋರ್ಡು ಇಂದಿಗೂ ನನಗೆ ಬಾಯಿಪಾಠವಾಗಿದೆ. ಮೊದಲೇ ಹೇಳಿದ ಹೋಟೆಲಿನ ಕ್ಯಾಷಿಯರ್ ಬಾಲ್ಯದಿಂದ ‘ಇಪ್ಪತ್ತೆಂಟು’ ಎಂಬ ಇಸ್ಪೀಟಿನ ಆಟ ಆಡಿದವರು. ಆ ಆಟದಲ್ಲಿ ಗುಲಾಮನೇ ಎಲ್ಲರಿಗಿಂತ ದೊಡ್ಡವನು, ಅವನ ನಂತರ ಒಂಬತ್ತು. ಅಲ್ಲಿಂದ ಬಂದವರಿಗೆ ಬ್ರಿಡ್ಜ್‌ನಲ್ಲಿ ಎಕ್ಕ, ರಾಜ, ರಾಣಿಯ ನಂತರವೇ ಗುಲಾಮ ಎಂಬುದನ್ನು ಕೈಗೆ ಒಗ್ಗಿಸಿಕೊಳ್ಳಲು ತಿಂಗಳು ಹಿಡಿಯುತ್ತದೆ. ಆದರೆ ಜೊತೆಗಾರನನ್ನು ನಂಬಿ ಆಡುವುದು, ಪಂಥ ಕಟ್ಟಿ ಅದನ್ನು ಪೂರೈಸುವುದು ಅವರಿಗೆ ಹೊಸದಲ್ಲ, ಹಾಗಾಗಿ ಬೇರೇನೂ ಆಡದೆ ಬಂದವರಿಗಿಂತ ಅವರು ಬೇಗ ಕಲಿಯುತ್ತಾರೆ ಎಂಬುದು ನನ್ನ ಅನುಭವ. ಆ ಗುರುವಾರ ಅವರು ದಕ್ಷಿಣದಲ್ಲಿ ಕೂತು ತುರುಪಿಲ್ಲದ ಮೂರರ ಕಂಟ್ರಾಕ್ಟ್ (ಕಟ್ಟಿದ ಪಂಥ) ಆಡುತ್ತಿದ್ದರು, ಅಂದರೆ ಆರರ ಮೇಲೆ ಮೂರು, ಒಟ್ಟು ಒಂಬತ್ತು ಟ್ರಿಕ್ (ನಾಲ್ವರೂ ಒಂದೊಂದು ಎಲೆ ಹಾಕುವ ಸುತ್ತಿನ ಗೆಲುವು) ಬೇಕು. ಅವರ ಕೈಯಲ್ಲಿ ಇಸ್ಪೀಟಿನ ಎಕ್ಕ, 7, 4. ಎದುರಿಗೆ ಡಮ್ಮಿಯಲ್ಲಿ, ಅಂದರೆ ಮೇಜಿನ ಮೇಲೆ ತೆರೆದಿಟ್ಟ ಜೊತೆಗಾರರ ಎಲೆಗಳಲ್ಲಿ, ಇಸ್ಪೀಟಿನ 6, 3. ಡೈಮನ್‌ನಲ್ಲಿ ಅವರಿಗೆ ರಾಜ, 8, 5. ಡಮ್ಮಿಗೆ ಎಕ್ಕ, ಗುಲಾಮ, 10, 9, 4. ಆಟೀನ್ ಮತ್ತು ಕಳಾವರ್ ಎರಡರಲ್ಲೂ ಎಕ್ಕ ಒಂದು ಕಡೆ, ರಾಜ ಇನ್ನೊಂದು ಕಡೆ. ಪಶ್ಚಿಮದವರು ಐದು ಇಸ್ಪೀಟು ಹಿಡಿದು ಅದರ ರಾಜನನ್ನು ಇಳಿಸಿದರು.

ಎಣಿಸಿದರೆ ಡೈಮನ್ ಬಿಟ್ಟು ಐದು ಟ್ರಿಕ್ ಖಚಿತ, ಉಳಿದ ನಾಲ್ಕು ಡೈಮನ್‌ನಿಂದ ಬರಬೇಕು. ಆದರೆ ಡೈಮನ್ ರಾಣಿ ಎದುರಾಳಿಗಳ ಬಳಿ ಇದ್ದಾಳೆ, ಅವಳು ಪೂರ್ವದವರ ಕೈಯಲ್ಲಿದ್ದರೆ ಒಂದು ಟ್ರಿಕ್ ಕೊಡಲೇಬೇಕು. ಕ್ಯಾಷಿಯರ್ ಮೊದಲ ಇಸ್ಪೀಟಿಗೆ 4 ಹಾಕಿದರು, ಎರಡನೆಯದಕ್ಕೆ 7. ಎಕ್ಕವನ್ನು ಇಳಿಸಿದ್ದು ಮೂರನೆಯ ಸುತ್ತಿನಲ್ಲಿ. ಅಷ್ಟರಲ್ಲಿ ಪೂರ್ವದವರ ಮೂರು ಇಸ್ಪೀಟೂ ಮುಗಿದಿದ್ದವು. ಡೈಮನ್ ರಾಜನನ್ನು ಆಡಿ, ಮತ್ತೆ ಡಮ್ಮಿಯ ಕಡೆಗೆ ಆಡಿ ಗುಲಾಮನನ್ನು ಹಾಕಿದಾಗ ಪೂರ್ವದವರು ರಾಣಿಯಿಂದ ಗೆದ್ದರು. ಗೆದ್ದ ಮೇಲೆ ಮರಳಿಸಲು ಅವರ ಬಳಿ ಇಸ್ಪೀಟೇ ಇರಲಿಲ್ಲ. ಪಶ್ಚಿಮದವರ ಎರಡು ಒಳ್ಳೆಯ ಎಲೆಗಳು ಕೈಯಲ್ಲೇ ಉಳಿದವು. ಒಂಬತ್ತು ಟ್ರಿಕ್, 400 ಅಂಕ. ಉಳಿದ ಮೇಜುಗಳ ಪೈಕಿ ಒಂದರಲ್ಲಿ ಮಾತ್ರ ಹೀಗೆ ಆಡಿದ್ದರು. ಐದು ಮೇಜುಗಳಲ್ಲಿ ಎಕ್ಕ ಬೇಗ ಬಿದ್ದು ಕಂಟ್ರಾಕ್ಟ್ ಒಂದು ಟ್ರಿಕ್‌ನಿಂದ ಸೋತಿತ್ತು. ಹನ್ನೆರಡಕ್ಕೆ ಹನ್ನೊಂದು ಅಂಕ ಪಡೆದ ಆ ಜೋಡಿ ಅಂದು ಒಟ್ಟಾರೆಯಾಗಿ ಕೊನೆಯ ಸ್ಥಾನದಲ್ಲಿತ್ತು. ಆ ತಿಂಗಳ ಹಾಳೆಯ ಮೊದಲ ಸುದ್ದಿ ಅದೇ ಆಯಿತು. ಹಾಳೆ ಹಂಚಿದ ದಿನ ಅವರು, “ಎಕ್ಕ ಕೈಯಲ್ಲಿಟ್ಟುಕೊಂಡು ಸುಮ್ಮನೆ ಕೂರುವುದು ಎಷ್ಟು ಕಷ್ಟ ಅಂತ ಬರೀಲಿಲ್ಲ ಸಾರ್ ನೀವು” ಎಂದರು. ಮುಂದಿನ ತಿಂಗಳು ಅದನ್ನೂ ಬರೆದೆ.

ಭಾಷೆಯ ವಿಷಯದಲ್ಲಿ ನಾನು ಪಟ್ಟ ಪಾಡನ್ನು ಇಲ್ಲಿ ಹೇಳಬೇಕು. ಆಟೀನ್, ಕಳಾವರ್ ಎಂಬ ಮಾತುಗಳು ಡಚ್ಚರಿಂದ ಬಂದು ನಮ್ಮ ಬಾಯಲ್ಲಿ ಎಷ್ಟೋ ತಲೆಮಾರಿನಿಂದ ಕನ್ನಡವಾಗಿವೆ. ಎಕ್ಕ, ತುರುಪು, ಗುಲಾಮ ಎಲ್ಲರಿಗೂ ಗೊತ್ತು. ಆದರೆ ಪಂಥ ಕಟ್ಟುವ ಬಿಡ್ಡಿಂಗ್, ಸಣ್ಣ ಎಲೆಯಿಂದಲೇ ಟ್ರಿಕ್ ಗೆಲ್ಲಲು ನೋಡುವ ಫಿನೆಸ್, ಡಮ್ಮಿ ಮುಂತಾದವಕ್ಕೆ ಮೊದಲ ವರ್ಷ ನಾನು ಕನ್ನಡ ಪದಗಳನ್ನು ಕಟ್ಟಿ ಬರೆದೆ, ಮತ್ತು ಓದಿದವರು ಪ್ರತಿ ಸಾಲಿಗೂ ನನ್ನನ್ನು ಅರ್ಥ ಕೇಳಿದರು. ಮೇಜಿನ ಸುತ್ತ ಯಾರ ಬಾಯಲ್ಲೂ ಇಲ್ಲದ ಪದ ಹಾಳೆಯಲ್ಲಿ ಇರಬಾರದು ಎಂದು ನಿಶ್ಚಯಿಸಿ ಅವನ್ನು ಕೈಬಿಟ್ಟೆ.

ತಪ್ಪುಗಳೂ ಆದವು. ಮೂರನೆಯ ವರ್ಷ ಒಂದು ಬೋರ್ಡಿನಲ್ಲಿ ಪೂರ್ವ ಮತ್ತು ಪಶ್ಚಿಮದವರು ಎಲೆಗಳನ್ನು ಅದಲುಬದಲು ಖಾನೆಗೆ ಹಾಕಿದ್ದರಿಂದ ನಂತರದ ಮೇಜುಗಳಿಗೆ ಬೇರೆಯೇ ಹಂಚಿಕೆ ಹೋಗಿತ್ತು. ನಾನು ಅದನ್ನು ಗಮನಿಸದೆ ಏಳೂ ಫಲಿತಾಂಶಗಳನ್ನು ಒಟ್ಟಿಗೆ ಹೋಲಿಸಿ ಅಂಕ ಹಾಕಿದೆ. ನಿಯಮದ ಪ್ರಕಾರ ಒಂದೇ ಹಂಚಿಕೆ ಆಡಿದವರನ್ನು ಬೇರೆ ಬೇರೆ ಗುಂಪು ಮಾಡಿ ಅಂಕ ಹಾಕಬೇಕಿತ್ತು. ಸರಿಯಾಗಿ ಲೆಕ್ಕ ಮಾಡಿದಾಗ ಗೆದ್ದ ಜೋಡಿಯೇ ಬದಲಾಯಿತು. ಹಾಳೆ ಆಗಲೇ ಎಲ್ಲರ ಮನೆ ಸೇರಿತ್ತು. ಮುಂದಿನ ಹಾಳೆಯಲ್ಲಿ, ಗೆದ್ದವರ ಹೆಸರು ಬರುವ ಅದೇ ಜಾಗದಲ್ಲಿ, ಅದೇ ಅಕ್ಷರದ ಗಾತ್ರದಲ್ಲಿ ತಿದ್ದುಪಡಿಯನ್ನು ಹಾಕಿದೆ, ಮತ್ತು ಎರಡೂ ಜೋಡಿಗಳ ಮನೆಗೆ ಹೋಗಿ ಮುಖತಃ ಹೇಳಿದೆ. ತಪ್ಪು ಎಲ್ಲಿ ಕಂಡಿತೋ ತಿದ್ದುಪಡಿಯೂ ಅಲ್ಲಿಯೇ ಕಾಣಬೇಕು ಎಂಬುದನ್ನು ಅಂದಿನಿಂದ ಬಿಟ್ಟಿಲ್ಲ.

ಜಗಳಗಳ ಸುದ್ದಿಯನ್ನು ಹೇಗೆ ಬರೆಯುವುದೆಂಬುದು ಇದಕ್ಕಿಂತ ಕಷ್ಟದ ಪ್ರಶ್ನೆಯಾಗಿತ್ತು. ಬ್ರಿಡ್ಜ್‌ನಲ್ಲಿ ಅತಿ ಹೆಚ್ಚು ನೋವು ಹುಟ್ಟುವುದು ತಡವರಿಕೆಯಿಂದ. ಒಬ್ಬರು ಬಹಳ ಹೊತ್ತು ಯೋಚಿಸಿ ಪಾಸ್ (ಪಂಥ ಕಟ್ಟುವುದಿಲ್ಲ) ಎಂದರೆ ಅವರ ಕೈಯಲ್ಲಿ ಏನೋ ಇದೆ ಎಂಬುದು ಜೊತೆಗಾರರಿಗೆ ತಿಳಿದುಬಿಡುತ್ತದೆ; ಯೋಚಿಸುವುದು ತಪ್ಪಲ್ಲ, ಆದರೆ ಆ ತಡವರಿಕೆ ಸೂಚಿಸಿದ ದಾರಿಯನ್ನು, ಬೇರೆ ಯುಕ್ತವಾದ ದಾರಿ ಇರುವಾಗ, ಜೊತೆಗಾರರು ಹಿಡಿಯಕೂಡದು ಎಂದು ಡ್ಯೂಪ್ಲಿಕೇಟ್ ಬ್ರಿಡ್ಜ್ ನಿಯಮಾವಳಿಯ 16ನೆಯ ನಿಯಮ ಹೇಳುತ್ತದೆ. ಈ ನಿಯಮದಡಿ ಫಲಿತಾಂಶ ಬದಲಿಸಿದಾಗ ‘ನಮ್ಮನ್ನು ಮೋಸಗಾರರೆಂದರು’ ಎಂದು ಒಂದು ಜೋಡಿ ಮೂರು ತಿಂಗಳು ಆಟಕ್ಕೇ ಬರಲಿಲ್ಲ. ನಾನು ಆ ಪ್ರಸಂಗವನ್ನು ಹೆಸರಿಲ್ಲದೆ, ಮೇಜಿನ ಸಂಖ್ಯೆಯೂ ಇಲ್ಲದೆ, ಬಿಡ್ಡಿಂಗ್ ಮತ್ತು ಎಲೆಗಳನ್ನಷ್ಟೇ ಕೊಟ್ಟು ಬರೆದೆ. ನಿಯಮ ಯಾರ ಪ್ರಾಮಾಣಿಕತೆಯನ್ನೂ ತೂಗುವುದಿಲ್ಲ, ಎದುರಾಳಿಗೆ ಆದ ನಷ್ಟವನ್ನು ಮಾತ್ರ ಸರಿಪಡಿಸುತ್ತದೆ ಎಂಬುದನ್ನು ವಿವರಿಸಿದೆ. ಆ ಜೋಡಿ ಮರಳಿ ಬಂದದ್ದಕ್ಕೆ ಹಾಳೆಯೊಂದೇ ಕಾರಣವಲ್ಲ, ಆದರೆ ಅವರು ಅದನ್ನು ಓದಿದ್ದರು.

ಆಟದ ಜಾಗದ ಸಮಸ್ಯೆಯೂ ಒಮ್ಮೆ ಸುದ್ದಿಯಾಯಿತು. ನಾವು ಕೇಳಿದ ಸಭಾಭವನವೊಂದರವರು ಇಸ್ಪೀಟು ಎಂಬ ಮಾತು ಕಿವಿಗೆ ಬಿದ್ದೊಡನೆ, ಜೂಜಿಗೆ ಜಾಗ ಕೊಡುವುದಿಲ್ಲ ಎಂದರು. ನಮ್ಮಲ್ಲಿ ಒಂದು ರೂಪಾಯಿಯೂ ಪಣಕ್ಕೆ ಹೋಗುವುದಿಲ್ಲ. ರಮ್ಮಿ ಪ್ರಧಾನವಾಗಿ ಕೌಶಲದ ಆಟ, ಅದರಲ್ಲಿರುವ ಅದೃಷ್ಟದ ಅಂಶ ಬ್ರಿಡ್ಜ್‌ನಲ್ಲಿ ಎಲೆ ಹಂಚುವಾಗ ಇರುವಂಥದ್ದೇ ಎಂದು ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿರುವುದನ್ನು ನಮ್ಮ ವಕೀಲ ಸದಸ್ಯರು ಬರೆದುಕೊಟ್ಟರು, ನಾನು ಹಾಳೆಯಲ್ಲಿ ಹಾಕಿದೆ. ಆದರೂ ಬಾಗಿಲು ತೆರೆಯಲಿಲ್ಲ. ಪರಿಸ್ಥಿತಿ ಸ್ವಲ್ಪ ಬದಲಾದದ್ದು 2018ರಲ್ಲಿ. ಇಂಡೋನೇಷ್ಯಾದ ಏಷ್ಯನ್ ಕ್ರೀಡಾಕೂಟದಲ್ಲಿ ಬ್ರಿಡ್ಜ್‌ಗೆ ಮೊದಲ ಬಾರಿ ಪ್ರವೇಶ ದೊರೆತು, ಅಲ್ಲಿ ಅರವತ್ತು ವರ್ಷದ ಪ್ರಣಬ್ ಬರ್ಧನ್ ಮತ್ತು ಐವತ್ತಾರರ ಶಿಬನಾಥ್ ಸರ್ಕಾರ್ ಪುರುಷರ ಜೋಡಿ ವಿಭಾಗದಲ್ಲಿ ಭಾರತಕ್ಕೆ ಚಿನ್ನ ತಂದರು. ಆ ವಾರ ನನಗೆ ಬಂದಷ್ಟು ಫೋನ್ ಕರೆಗಳು ಹಿಂದೆಂದೂ ಬಂದಿರಲಿಲ್ಲ. ‘ಕಲಿಸುತ್ತೀರಾ’ ಎಂದು ಕೇಳಿ ಹನ್ನೊಂದು ಮಂದಿ ಬಂದರು. ಅವರಲ್ಲಿ ಐವರು ಉಳಿದರು. ಇನ್ನೊಂದು ಸಂಸ್ಥೆಯವರು ತಾವಾಗಿಯೇ ಕರೆದು ಮೇಲಂತಸ್ತಿನ ಕೋಣೆ ಕೊಟ್ಟರು.

2020ರ ಮಾರ್ಚಿನ ಲಾಕ್‌ಡೌನ್‌ನಲ್ಲಿ ಆಟ ನಿಂತಿತು, ಹಾಳೆ ನಿಲ್ಲಲಿಲ್ಲ. ಬ್ರಿಡ್ಜ್ ಬೇಸ್ ಆನ್‌ಲೈನ್‌ನಲ್ಲಿ ಆಡಲು ಹಿರಿಯರಿಗೆ ಫೋನಿನಲ್ಲೇ ಕಲಿಸಿದೆವು. ಹಾಳೆ ವಾಟ್ಸಾಪ್‌ಗೆ ಹೋಯಿತು. ದುಬೈ, ಮಸ್ಕತ್‌ಗಳಲ್ಲಿರುವ ನಮ್ಮ ಊರಿನವರು ಬಂದು ಸೇರಿದರು, ಗಲ್ಫಿನ ಸಮಯಕ್ಕೆ ಹೊಂದಿಸಿ ಆಟವನ್ನು ರಾತ್ರಿ ಒಂಬತ್ತಕ್ಕೆ ಇಟ್ಟೆವು. ಅವರಿಗೆ ಆಟಕ್ಕಿಂತ ಹೆಚ್ಚಾಗಿ ಹಾಳೆಯಲ್ಲಿ ಊರಿನವರ ಹೆಸರು ಓದುವುದೇ ಇಷ್ಟವೆಂದು ಒಬ್ಬರು ಬರೆದಿದ್ದರು.

ಆ ಎರಡು ವರ್ಷಗಳಲ್ಲಿ ಮೂವರು ತೀರಿಕೊಂಡರು. ನಿಧನ ವಾರ್ತೆಯಲ್ಲಿ ‘ಸಜ್ಜನರು, ಸರಳ ಜೀವಿ’ ಎಂದು ಬರೆಯುವುದನ್ನು ನಾನು ಬಿಟ್ಟು, ಅವರು ಹೇಗೆ ಆಡುತ್ತಿದ್ದರು ಎಂಬುದನ್ನು ಬರೆದೆ. ನಮ್ಮ ಹಿರಿಯ ವೈದ್ಯರೊಬ್ಬರು ಡಮ್ಮಿಯಾದಾಗ ಎಲೆಗಳನ್ನು ಹರಡುವ ಮುನ್ನ ಪ್ರತಿ ಬಾರಿಯೂ ಅಂಗೈಯಿಂದ ಮೇಜಿನ ಬಟ್ಟೆಯನ್ನು ಸವರಿ ಸಮ ಮಾಡುತ್ತಿದ್ದರು, ಜೊತೆಗಾರ ಸೋತರೂ ಗೆದ್ದರೂ ‘ಚೆನ್ನಾಗಿ ಆಡಿದಿರಿ’ ಎಂದು ಒಂದೇ ಧ್ವನಿಯಲ್ಲಿ ಹೇಳುತ್ತಿದ್ದರು. ಅವರ ಮಗಳು ಆ ಹಾಳೆಯನ್ನು ಪ್ರಿಂಟ್ ತೆಗೆಸಿ ಇಟ್ಟುಕೊಂಡಿದ್ದಾರೆ. ಬ್ರಿಡ್ಜ್‌ನಲ್ಲಿ ಒಬ್ಬರು ಹೋದರೆ ಇನ್ನೊಬ್ಬರು ಒಂಟಿಯಾಗುತ್ತಾರೆ. ಇಪ್ಪತ್ತು ವರ್ಷ ಒಂದೇ ಪದ್ಧತಿ ಆಡಿದ ಜೊತೆಗಾರರಿಗೆ ಹೊಸಬರ ಜೊತೆ ಕೂರುವುದು ಸುಲಭವಲ್ಲ. ಅದಕ್ಕಾಗಿಯೇ ‘ಜೊತೆಗಾರರು ಬೇಕು’ ಎಂಬ ಪುಟ್ಟ ಅಂಕಣವನ್ನು ಶುರುಮಾಡಿದೆ. ವೈದ್ಯರ ಜೊತೆಗಾರರು ಎಂಟು ತಿಂಗಳು ಅದರಲ್ಲಿ ಹೆಸರು ಕೊಡಲಿಲ್ಲ. ಒಂಬತ್ತನೆಯ ತಿಂಗಳು ಕೊಟ್ಟರು. ಈಗ ಅವರು ಕ್ಯಾಷಿಯರ್ ಅವರ ಜೊತೆ ಆಡುತ್ತಾರೆ.

2024ರ ಜೂನ್‌ನಲ್ಲಿ ಹಾಳೆಯನ್ನು 2018ರ ತಂಡದಲ್ಲಿ ಕಲಿತು ಉಳಿದ ಐವರಲ್ಲಿ ಒಬ್ಬರಾದ ಯುವ ಅಧ್ಯಾಪಕಿಗೆ ಒಪ್ಪಿಸಿದೆ. ಅವರ ಮೊದಲ ಹಾಳೆಯಲ್ಲಿ ಹದಿನಾರು ಜೋಡಿಗಳ ಹೆಸರಿತ್ತು, ಎಂಟು ಮೇಜಿನ ಲೆಕ್ಕವೂ ಸರಿಯಾಗಿತ್ತು. ಆ ತಿಂಗಳ ಬೋರ್ಡು ನನ್ನದು: ನಾನು ಎಕ್ಕವನ್ನು ಮೊದಲ ಸುತ್ತಿನಲ್ಲೇ ಇಳಿಸಿ ಸೋತ ಆಟ. ಎಲ್ಲಿ ತಪ್ಪಿದೆ, ಯಾವ ಎಲೆ ಹಾಕಬೇಕಿತ್ತು ಎಂಬುದನ್ನು ಅವರು ನಾಲ್ಕು ಸಾಲಿನಲ್ಲಿ ಸ್ಪಷ್ಟವಾಗಿ ಬರೆದಿದ್ದರು. ಒಂದೆಡೆ ‘ಮೂರನೆಯ ಸುತ್ತು’ ಎಂಬುದು ‘ಎರಡನೆಯ ಸುತ್ತು’ ಎಂದಾಗಿತ್ತು. ಫೋನ್ ಮಾಡಿ ಹೇಳಿದೆ. ಮುಂದಿನ ತಿಂಗಳು ಬೋರ್ಡಿನ ಕಥೆ ಬರುವ ಜಾಗದಲ್ಲೇ ತಿದ್ದುಪಡಿ ಬಂತು.